ಹದಿನೇಳನೇ ಪುಟ

ಹತ್ತೊಂಬತ್ತು ವರ್ಷ ಟೈಪು ಮಾಡಿದ್ದು ಬರೀ ಲಗ್ನಪತ್ರಿಕೆ.
ದಾವಣಗೆರೆಯಲ್ಲಿ, ಚೌಕಿಪೇಟೆಯ ಸಂದಿಯೊಳಗೆ
ಹಾಲೇಶಪ್ಪನವರ ಪ್ರೆಸ್ಸು; ಮೂಲೆಯ ಕಂಪ್ಯೂಟರು ನನ್ನದು.
ಹಾಗಾಗಿ ಮಕ್ಕಳಿಗೆಂದು ಮೊದಲ ಕಥೆ ಬರೆಯಲು ಕೂತಾಗ
ಬೆರಳು ತಾನಾಗಿಯೇ ಒತ್ತಿತು:
‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,
ಒಂದಾನೊಂದು ಊರಿನಲ್ಲಿ ಒಂದು ಅಕ್ಕಿಕಾಳು...’

‘ಅಕ್ಕಿಗೆ ಮದುವೇನಾ ಆಂಟಿ?’
ಅಂದವಳು ತಸ್ಮಿಯಾ. ಮೂರನೇ ಕ್ಲಾಸು.
ಅವಳ ಅಮ್ಮಿ ಮಂಡಕ್ಕಿ ಭಟ್ಟಿಯಲ್ಲಿ ಚೀಲ ತುಂಬಿ ಬರುವ ತನಕ
ನಮ್ಮ ಕಟಿಂಗ್ ಮಷಿನ್ನಿನ ಪಕ್ಕ ರದ್ದಿಯಲ್ಲಿ ಕೂತು
ಚಿನ್ನದಂಚಿನ ಚೂರು ಬೇರೆ, ಬೆಳ್ಳಿಯಂಚಿನದು ಬೇರೆ
ಆರಿಸಿಡುವುದು ಅವಳ ಕೆಲಸ.
ಯಾರು ಹೇಳಿದ್ದಲ್ಲ.

ವಿನಂತಿ ತೆಗೆದೆ.
ಕಾದ ಮರಳಿಗೆ ಹೆದರುವ ಕಾಳಿಗೆ
ಧೈರ್ಯ ಹೇಳಲೊಬ್ಬ ತಾತನನ್ನು ತಂದೆ, ಬಿಳಿಮೀಸೆಯ ಕಾಳು.
‘ಅಕ್ಕಿಗೆ ತಾತ ಎಲ್ಲಿರ್ತಾನೆ?
ಎಲ್ಲಾ ಒಂದೇ ದಿನ ಸಿಡಿಯೋದಲ್ವಾ?’
ತಾತನನ್ನೂ ತೆಗೆದೆ. ಮೂರು ದಿನ ಬೇಜಾರಿತ್ತು,
ಒಳ್ಳೊಳ್ಳೆ ಮಾತೆಲ್ಲ ಅವನ ಬಾಯಲ್ಲಿಟ್ಟಿದ್ದೆ.

‘ಚಟಪಟ’ ಎಂದು ಬರೆದಿದ್ದೆ.
ಅವಳು ತಲೆ ಆಡಿಸಿದಳು. ಹಂಗಲ್ಲ.
ಕಣ್ಣು ಮುಚ್ಚಿ, ತುಟಿ ಸಣ್ಣ ಮಾಡಿ,
ಕಡಾಯಿಯಲ್ಲಿ ಮರಳಿನೊಳಗಿಂದ ಒಮ್ಮೆಗೇ ಎದ್ದು ಬರುವ
ಆ ಉದ್ದನೆಯ ಉಸಿರನ್ನು ಊದಿ ತೋರಿಸಿದಳು.
ಅದಕ್ಕೆ ಕನ್ನಡದಲ್ಲಿ ಯಾವ ಅಕ್ಷರ?
ಸ ಹಾಕಿದೆ, ರ ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ.
ಅವತ್ತು ಎರಡು ಆರತಕ್ಷತೆ ಕಾರ್ಡು ತಡವಾದವು.

ಚಿತ್ರ ಬರೆದುಕೊಟ್ಟವನು ತಿಪ್ಪೇಶಿ.
ಗೋಡೆ ಮೇಲೆ ಬೀಡಿ, ಸಿಮೆಂಟು, ಬನೀನು ಬರೆಯುತ್ತಿದ್ದ ಕೈ,
ಈಗ ಬೈಕಿನ ನಂಬರು ಬರೆಯುತ್ತದೆ.
ಅವನ ಅಕ್ಕಿಕಾಳು ಇಪ್ಪತ್ತಡಿ ದೂರದಿಂದ ಕಾಣುವ ಹಾಗಿತ್ತು.
‘ಮಕ್ಕಳು ಹತ್ತಿರದಿಂದ ನೋಡ್ತಾರೆ ಕಣೋ’ ಅಂದರೆ
‘ಹಂಗಾದ್ರೆ ಕಣ್ಣಿನ ರೆಪ್ಪೆ ಬರೀಬೇಕು’ ಎಂದು
ವಾಪಸ್ಸು ತಗೊಂಡು ಹೋದ.

ಕೊನೆಗೆ ಲೆಕ್ಕ. ಹಾಲೇಶಪ್ಪನವರು
ಒಂದು ಹಾಳೆ ಮಡಿಚಿ, ಮತ್ತೆ ಮಡಿಚಿ, ಮತ್ತೊಮ್ಮೆ ಮಡಿಚಿ
ಕೈಗಿಟ್ಟರು: ‘ಎಣಿಸಮ್ಮ. ಹದಿನಾರು.
ಹದಿನೇಳು ಅನ್ನೋದು ಕಾಗದದಾಗೆ ಇಲ್ಲ.’
ನನ್ನ ಹದಿನೇಳನೇ ಪುಟದಲ್ಲಿತ್ತು ನೀತಿ:
‘ಆದ್ದರಿಂದ ಮಕ್ಕಳೇ, ಪ್ರಯತ್ನಪಟ್ಟರೆ
ಎಲ್ಲರೂ ಅರಳಬಹುದು.’

ಅಕ್ಷರ ಸಣ್ಣ ಮಾಡಿ ನೋಡಿದೆ. ಅಂಚು ಕಿರಿದು ಮಾಡಿ ನೋಡಿದೆ.
ತಸ್ಮಿಯಾಳನ್ನು ಕೇಳಿದೆ,
ಸಿಡಿಯದ ಕಾಳು ಏನಾಗುತ್ತದೆ ಭಟ್ಟಿಯಲ್ಲಿ?
‘ಜರಡಿಯಿಂದ ಕೆಳಗೆ ಬೀಳ್ತದೆ.
ಅಮ್ಮಿ ಸೆರಗಲ್ಲಿ ಕಟ್ಕೊಂಡು ಬರ್ತಾಳೆ. ಕೋಳಿಗೆ.’

ಹದಿನಾರನೇ ಪುಟದಲ್ಲಿ ಈಗ ಕೋಳಿಯೊಂದು
ಕತ್ತು ವಾರೆ ಮಾಡಿ
ಒಂದೇ ಕಣ್ಣಿಂದ ಕಾಳನ್ನು ನೋಡುತ್ತಿದೆ.
ಮಾತಿಲ್ಲ. ಅಲ್ಲಿಗೇ ಮುಗಿಯಿತು.

ಮುನ್ನೂರು ಪ್ರತಿ. ಬೆಲೆ ಮೂವತ್ತು.
ಮಿರ್ಚಿ ಅಂಗಡಿಯ ದಾರಕ್ಕೆ, ಶ್ಯಾಂಪೂ ಪಾಕೀಟಿನ ಪಕ್ಕ,
ಕ್ಲಿಪ್ಪು ಹಾಕಿ ಹತ್ತು ತೂಗುಬಿಟ್ಟೆ. ನಾಲ್ಕು ಹೋದವು.
ಉಳಿದದ್ದನ್ನು ಹೊತ್ತು ಬಾಷಾ ನಗರದ ಶಾಲೆಗೆ ಹೋದ ದಿನವೇ
ಎರಡನೇ ಬೆಂಚಿನಿಂದ ಕೈ ಎದ್ದಿತು:
‘ಮಿಸ್, ಐದನೇ ಪುಟದಾಗೆ ಮಂಡಕಿ ಐತಿ.’

ಒತ್ತು ಬಿದ್ದುಹೋಗಿತ್ತು. ಮುನ್ನೂರರಲ್ಲೂ.
ಹಿಂದೊಮ್ಮೆ ಮುಹೂರ್ತದ ಗಂಟೆ ತಪ್ಪಿ
ಹೆಣ್ಣಿನ ಅಪ್ಪನೊಬ್ಬ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತದ್ದು ನೆನಪಾಯಿತು.
ಅವತ್ತು ರಾತ್ರಿಯಿಡೀ ಚೀಟಿ ಅಂಟಿಸಿದ್ದೆವು.

ಇಲ್ಲಿ ಯಾರೂ ಅಳಲಿಲ್ಲ.
ಒಂದು ಕೆಂಪು ಪೆನ್ನು ಬೆಂಚಿಂದ ಬೆಂಚಿಗೆ ಹೋಯಿತು.
ನಾಲಿಗೆ ಹೊರಗೆ ಹಾಕಿ, ಉಸಿರು ಹಿಡಿದು,
ಒಬ್ಬೊಬ್ಬರೂ ಕೆಳಗೊಂದು ಕ ಒತ್ತು ಇಟ್ಟರು.
ಕೊನೇ ಬೆಂಚಿನ ಹುಡುಗ ಎರಡು ಇಟ್ಟಿದ್ದ.
ಒಂದು ಸಾಕಲ್ಲಪ್ಪ ಅಂದೆ.

‘ನಂದು ಜಾಸ್ತಿ ಸಿಡಿದೈತಿ ಮಿಸ್.’